ಏಳು ಜಾಲತಾಣ, ಒಂದೇ ಸಾರಿನ ಪುಡಿ

ರಾಯಚೂರು ಜಿಲ್ಲಾಡಳಿತದ ಜಾಲತಾಣವನ್ನೂ ಹೈದರಾಬಾದ್ ಜಿಲ್ಲಾಡಳಿತದ ಜಾಲತಾಣವನ್ನೂ ಅಕ್ಕಪಕ್ಕ ತೆರೆದು ನೋಡಿ. ರಾಜ್ಯ ಬೇರೆ, ಭಾಷೆ ಬೇರೆ, ಅಧಿಕಾರಿಗಳು ಬೇರೆ. ಆದರೆ ಮೇಲಿನ ಮೆನು, ಅಕ್ಷರ ಹಿಗ್ಗಿಸಿ ಕುಗ್ಗಿಸುವ ಗುಂಡಿ, ಅಧಿಸೂಚನೆಗಳ ವಿಭಾಗ, ಪುಟದ ಬುಡದಲ್ಲಿ ಕೊನೆಯ ಬಾರಿ ತಿದ್ದಿದ ದಿನಾಂಕ ಎಲ್ಲವೂ ಒಂದೇ ಮನೆತನದವು. ಬೀದರ್, ಕಲಬುರಗಿ, ಯಾದಗಿರಿಗೂ ಅದೇ ಮಾತು. ಗಡಿಯ ಈಚೆ ಸಂಗಾರೆಡ್ಡಿ, ನಾರಾಯಣಪೇಟೆಗೂ ಅದೇ. ಇವೆಲ್ಲ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ನಾವು ಎನ್‌ಐಸಿ ಎನ್ನುವ ಸಂಸ್ಥೆ ರೂಪಿಸಿದ ‘ಎಸ್3ವಾಸ್’ ಎಂಬ ವ್ಯವಸ್ಥೆಯ ಮೇಲೆ ನಿಂತಿವೆ. ಅದರ ಒಳಗಿರುವುದು ವರ್ಡ್‌ಪ್ರೆಸ್.

ನೋಡಲು ಅಂಥ ಚೆಂದವೇನಲ್ಲ. ಒಂದು ಜಿಲ್ಲೆಯ ಪುಟದಲ್ಲಿ ಕೋಟೆಯ ಚಿತ್ರ, ಇನ್ನೊಂದರಲ್ಲಿ ಅಣೆಕಟ್ಟೆಯ ಚಿತ್ರ, ಅಷ್ಟೇ ವ್ಯತ್ಯಾಸ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ. ಹೈದರಾಬಾದಿನಲ್ಲಿ ಕೂತು ಊರಿನ ತಹಶೀಲ್ದಾರ್ ಕಚೇರಿಯ ದೂರವಾಣಿ ಸಂಖ್ಯೆ ಹುಡುಕುವವನಿಗೆ, ಯಾವ ಜಿಲ್ಲೆಯ ತಾಣಕ್ಕೆ ಹೋದರೂ ಅದು ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿರುತ್ತದಲ್ಲ, ಅದು ಸಣ್ಣ ಉಪಕಾರವಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ: ದೃಷ್ಟಿ ಮಂದವಾದವರಿಗಾಗಿ ಮಾಡಿದ ಒಂದು ತಿದ್ದುಪಡಿ ಪ್ರತಿ ಜಿಲ್ಲೆಯಲ್ಲೂ ಬೇರೆ ಬೇರೆ ಗುತ್ತಿಗೆದಾರನ ಬಾಗಿಲು ಬಡಿಯಬೇಕಾಗಿಲ್ಲ.

ಸರ್ಕಾರಕ್ಕೆ ಸಾಧ್ಯವಾದದ್ದು ನಮ್ಮ ಕನ್ನಡ ಬಳಗಗಳಿಗೆ ಏಕೆ ಸಾಧ್ಯವಾಗಿಲ್ಲ ಎನ್ನುವುದು ನನ್ನ ಪ್ರಶ್ನೆ.

ವಾರದ ಐದು ದಿನ ಗಚ್ಚಿಬೌಲಿಯಲ್ಲಿ ಸಂಬಳದ ಕೆಲಸ. ಉಳಿದೆರಡು ದಿನಗಳಲ್ಲಿ ಆಗೀಗ ಏಳು ಕನ್ನಡ ಜಾಲತಾಣಗಳ ಚಾಕರಿ. ಒಂದು ಸಂಘದ್ದು, ಒಂದು ಹಳೆಯ ವಿದ್ಯಾರ್ಥಿಗಳ ಬಳಗದ್ದು, ಒಂದು ಹವ್ಯಾಸಿ ರಂಗತಂಡದ್ದು, ಒಂದು ಊರಿನ ಗ್ರಂಥಾಲಯದ್ದು, ಹೀಗೆ. ನನ್ನ ಕೈಗೆ ಬಂದಾಗ ಏಳೂ ಒಂದೇ ತಾಯಿ ಥೀಮಿನ ಮೇಲೆ ನಿಂತ ಏಳು ಮರಿ ಥೀಮ್‌ಗಳಾಗಿದ್ದವು. ಮೊದಲನೆಯದನ್ನು ಯಾರೋ ಶ್ರದ್ಧೆಯಿಂದ ಕಟ್ಟಿದ್ದರು. ಎರಡನೆಯದು ಅದರ ನಕಲು, ಬಣ್ಣ ಬದಲು. ಮೂರನೆಯದು ಎರಡನೆಯದರ ನಕಲು. ಏಳನೆಯದಕ್ಕೆ ಬರುವಷ್ಟರಲ್ಲಿ ಒಂದೇ ಕೆಲಸ ಮಾಡುವ ಕೋಡ್ ಏಳು ಕಡೆ, ಏಳು ಬೇರೆ ಬೇರೆ ಸ್ಥಿತಿಯಲ್ಲಿತ್ತು.

ಕಂಪ್ಯೂಟರಿನ ಕೆಲಸ ಮಾಡದವರಿಗಾಗಿ ಎರಡು ಮಾತು. ವರ್ಡ್‌ಪ್ರೆಸ್‌ನಲ್ಲಿ ತಾಣದ ಮೈಕಟ್ಟನ್ನು ನಿರ್ಧರಿಸುವುದು ಥೀಮ್. ಯಾರೋ ಬರೆದ ಥೀಮನ್ನು ನೇರವಾಗಿ ತಿದ್ದಿದರೆ ಅದರ ಮುಂದಿನ ಅಪ್‌ಡೇಟ್ ಬಂದ ದಿನ ನಿಮ್ಮ ತಿದ್ದುಪಡಿಗಳೆಲ್ಲ ಅಳಿಸಿಹೋಗುತ್ತವೆ. ಅದಕ್ಕಾಗಿ ಮರಿ ಥೀಮ್ ಎಂಬ ಏರ್ಪಾಡು. ಒಂದು ಹೊಸ ಕಡತಕೋಶ, ಅದರೊಳಗೆ ಒಂದು ಶೈಲಿ ಕಡತ, ಆ ಕಡತದ ತಲೆಯಲ್ಲಿ ‘ನನ್ನ ತಾಯಿ ಇಂಥದ್ದು’ ಎಂದು ಹೇಳುವ ಒಂದು ಸಾಲು. ಮರಿಯಲ್ಲಿ ಇರುವುದನ್ನು ಮರಿಯಿಂದ, ಇಲ್ಲದ್ದನ್ನು ತಾಯಿಯಿಂದ ವರ್ಡ್‌ಪ್ರೆಸ್ ತೆಗೆದುಕೊಳ್ಳುತ್ತದೆ. ‘ಫಂಕ್ಷನ್ಸ್’ ಎಂಬ ಒಂದು ಕಡತ ಮಾತ್ರ ಇದಕ್ಕೆ ಹೊರತು: ಮೊದಲು ಮರಿಯದು ಓಡುತ್ತದೆ, ಆಮೇಲೆ ತಾಯಿಯದೂ ಓಡುತ್ತದೆ.

ವಂಶವೃಕ್ಷ ಅಲ್ಲಿಗೆ ನಿಲ್ಲುತ್ತದೆ. ಮೊಮ್ಮಗು ಥೀಮ್‌ಗೆ ಅವಕಾಶವಿಲ್ಲ. ಹಾಗಾದರೆ ಏಳೂ ಮರಿಗಳಿಗೆ ಬೇಕಾದ, ಆದರೆ ತಾಯಿಯಲ್ಲಿ ಇಲ್ಲದ ಸಾಮಾನನ್ನು ಎಲ್ಲಿಡುವುದು? ಜಗಳವೆಲ್ಲ ಇರುವುದು ಇಲ್ಲೇ.

ಆ ಸಾಮಾನು ಯಾವುದು ಎಂದರೆ, ನಮ್ಮ ಮಟ್ಟಿಗೆ, ಬಹುಪಾಲು ಕನ್ನಡವೇ. ಮಾರುಕಟ್ಟೆಯ ಥೀಮ್‌ಗಳನ್ನು ಬರೆಯುವವರು ರೋಮನ್ ಲಿಪಿಯನ್ನು ಕಣ್ಣಮುಂದಿಟ್ಟುಕೊಂಡು ಬರೆಯುತ್ತಾರೆ. ಶೀರ್ಷಿಕೆಯ ಸಾಲಿಗೆ ಅವರು ಕೊಡುವ ಎತ್ತರ ನಮ್ಮ ಒತ್ತಕ್ಷರಗಳಿಗೆ ಸಾಲದು. ‘ವಸ್ತ್ರ’ ಎಂದು ಬರೆದರೆ ಸಕಾರದ ಕೆಳಗೆ ತಕಾರ, ರಕಾರ ಎರಡೂ ನೇತಾಡಬೇಕು. ಚೌಕಟ್ಟು ಬಿಗಿಯಾಗಿದ್ದರೆ ಕೆಳಗಿನದು ಕತ್ತರಿಸಿಹೋಗುತ್ತದೆ. ಅಕ್ಷರಗಳ ನಡುವೆ ಅಂತರ ಬಿಡುವ ಫ್ಯಾಷನ್ ಇಂಗ್ಲಿಷಿಗೆ ಒಪ್ಪುತ್ತದೆ, ಕನ್ನಡದಲ್ಲಿ ಪದ ಚದುರಿ ಬಿದ್ದಂತೆ ಕಾಣುತ್ತದೆ.

ಇನ್ನೊಂದು ತೊಂದರೆ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ವರ್ಡ್‌ಪ್ರೆಸ್ ಲೇಖನದ ಶೀರ್ಷಿಕೆಯಿಂದಲೇ ಪುಟದ ವಿಳಾಸವನ್ನು ತಯಾರಿಸುತ್ತದೆ ಮತ್ತು ಅದಕ್ಕೆ 200 ಚಿಹ್ನೆಗಳ ಮಿತಿ ಹಾಕಿದೆ. ಇಂಗ್ಲಿಷಿನ ಒಂದಕ್ಷರ ಅಲ್ಲಿ ಒಂದೇ ಚಿಹ್ನೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ, ಮತ್ತು ಕಾಗುಣಿತ, ಅರ್ಧಾಕ್ಷರದ ಗುರುತುಗಳೂ ಒಂದೊಂದು ಸಂಕೇತವೇ. ಲೆಕ್ಕ ಹಾಕಿ: ‘ಕರ್ನಾಟಕ ರಾಜ್ಯೋತ್ಸವ ಆಚರಣೆ’ ಎಂಬ ಮೂರು ಪದಗಳಲ್ಲಿ 22 ಸಂಕೇತಗಳು, ಅಂದರೆ 198 ಚಿಹ್ನೆ, ನಡುವಿನ ಎರಡು ಅಡ್ಡಗೆರೆ ಸೇರಿ ಸರಿಯಾಗಿ 200. ಮುಂದೆ 2022 ಎಂದಾಗಲಿ 2023 ಎಂದಾಗಲಿ ಬರೆದರೆ ಅದಕ್ಕೆ ಜಾಗವೇ ಇಲ್ಲ. ಎರಡನೇ ವರ್ಷದ ಪುಟಕ್ಕೂ ಅದೇ ವಿಳಾಸ ಬರಬೇಕಾಗುತ್ತದೆ, ಹಾಗಾಗಿ ವರ್ಡ್‌ಪ್ರೆಸ್ ಬಾಲ ಕತ್ತರಿಸಿ ಕೊನೆಗೊಂದು ಎರಡರ ಅಂಕಿ ಅಂಟಿಸುತ್ತದೆ. ಹತ್ತು ವರ್ಷ ರಾಜ್ಯೋತ್ಸವ ಮಾಡಿದ ಸಂಘದ ಕಡತಗಳು ಯಾವ ವರ್ಷದವು ಎಂದು ವಿಳಾಸ ನೋಡಿ ಹೇಳಲಾಗದು. ಇದಕ್ಕೆ ಪರಿಹಾರ ಹತ್ತಿಪ್ಪತ್ತು ಸಾಲಿನ ಕೋಡ್. ಅದನ್ನು ಏಳು ಸಲ ಬರೆಯಬೇಕೇ?

ನಕಲು ಮಾಡಿ ಅಂಟಿಸುವುದು ಮೊದಲ ದಾರಿ. ಅದರ ಫಲ ಮೇಲೆ ಹೇಳಿದೆ. ತಾಯಿಯನ್ನೇ ತಿದ್ದುವುದು ಎರಡನೆಯದು. ಅಪ್‌ಡೇಟ್ ಬಂದಾಗ ನೀರುಪಾಲು. ಕೆಲವರು ಜಾಣತನ ಮಾಡಿ ಒಂದು ಮರಿ ಥೀಮಿನಿಂದ ಪಕ್ಕದ ಮರಿಯ ಕಡತವನ್ನು ಎರವಲು ಪಡೆಯುತ್ತಾರೆ. ಆ ಪಕ್ಕದವರು ಹಳೆಯ ಥೀಮ್ ಬೇಡವೆಂದು ತೆಗೆದುಹಾಕಿದ ದಿನ ಇವರ ತಾಣ ಬಿಳಿ ಹಾಳೆ.

ಸರಿಯಾದ ಜಾಗ ಥೀಮಿನ ಹೊರಗಿದೆ: ಪ್ಲಗಿನ್. ತಾಣ ಹೇಗೆ ಕಾಣಬೇಕು ಎಂಬುದು ಥೀಮಿನ ಹೊಣೆ, ಏನು ಮಾಡಬೇಕು ಎಂಬುದು ಪ್ಲಗಿನ್ನಿನ ಹೊಣೆ. ವಿಳಾಸದ ತಿದ್ದುಪಡಿ, ಕನ್ನಡ ದಿನಾಂಕ, ಕಾರ್ಯಕ್ರಮಗಳ ಪಟ್ಟಿ ಇವೆಲ್ಲ ನಾಳೆ ಥೀಮ್ ಬದಲಾದರೂ ಉಳಿಯಬೇಕಾದವು. ವರ್ಡ್‌ಪ್ರೆಸ್‌ನಲ್ಲಿ ‘ಮಸ್ಟ್ ಯೂಸ್’ ಎಂಬ ಒಂದು ವಿಶೇಷ ಕಡತಕೋಶವೂ ಇದೆ. ಅದರಲ್ಲಿಟ್ಟ ಪ್ಲಗಿನ್ ತಾನಾಗಿಯೇ ಓಡುತ್ತದೆ. ನಿರ್ವಹಣಾ ಪುಟದಿಂದ ಯಾರೂ ಅದನ್ನು ಆರಿಸಲಾಗದು. ಉತ್ಸಾಹಿ ಪದಾಧಿಕಾರಿಗಳಿರುವ ಸಂಘಗಳಿಗೆ ಇದು ವರದಾನ. ಒಂದೇ ಎಚ್ಚರಿಕೆ, ಆ ಕೋಶದ ಒಳಕೋಶಗಳನ್ನು ವರ್ಡ್‌ಪ್ರೆಸ್ ತಾನಾಗಿ ಇಣುಕಿ ನೋಡುವುದಿಲ್ಲ, ಒಂದು ಚಿಕ್ಕ ಕಡತ ಬರೆದು ದಾರಿ ತೋರಿಸಬೇಕು.

ಒತ್ತಕ್ಷರಕ್ಕೆ ಬೇಕಾದ ಶೈಲಿಯ ಸಾಲುಗಳು ನೋಟಕ್ಕೆ ಸೇರಿದ್ದಲ್ಲವೇ, ಅವು ಮರಿ ಥೀಮಿನಲ್ಲೇ ಇರಲಿ ಎಂದು ನನ್ನ ಜೊತೆ ಕೆಲಸ ಮಾಡುವ ಗೆಳೆಯರೊಬ್ಬರು ವಾದಿಸಿದರು. ನಾನು ಒಪ್ಪಲಿಲ್ಲ. ಒತ್ತು ಕತ್ತರಿಸದೆ ಕಾಣುವುದು ಅಲಂಕಾರವಲ್ಲ, ಅದು ಕಾಗುಣಿತ. ಅದೂ ಸಾಮಾನ್ಯ ಪ್ಲಗಿನ್ನಿಗೇ ಹೋಯಿತು. ಹೊರನಾಡಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿಯ ಡಬ್ಬಿ ಒಂದೇ. ಹೈದರಾಬಾದಿನವನು ಹುಣಸೆ ಮುಂದು ಮಾಡುತ್ತಾನೆ, ಪುಣೆಯವಳು ಬೆಲ್ಲ.

ಎಷ್ಟನ್ನು ಹಂಚಿಕೊಳ್ಳಬೇಕು, ಎಷ್ಟನ್ನು ಬಿಡಬೇಕು ಎಂಬ ಪ್ರಶ್ನೆಗೆ ಈ ಊರಲ್ಲಿ ಇರುವವರಿಗೆ ಒಳ್ಳೆಯ ಪಾಠವೊಂದು ರಸ್ತೆಯ ಮೇಲೇ ಇದೆ. ತೆಲುಗು ಬೋರ್ಡುಗಳನ್ನು ನಾವು ಕಲಿಯದೆಯೇ ಅರ್ಧಕ್ಕರ್ಧ ಓದುತ್ತೇವಲ್ಲ. ಎರಡೂ ಲಿಪಿಗಳಿಗೆ ತಾಯಿ ಒಂದೇ. ಗಣಕಕ್ಕೆ ಭಾರತೀಯ ಲಿಪಿಗಳನ್ನು ತಂದಾಗ ಇದೇ ನೆಂಟಸ್ತನವನ್ನು ಬಳಸಿಕೊಂಡರು. 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ಕಕಾರಕ್ಕೂ ತೆಲುಗಿನ ಕಕಾರಕ್ಕೂ ದೇವನಾಗರಿಯದಕ್ಕೂ ಒಂದೇ ಸಂಖ್ಯೆ. ಲಿಪಿ ಯಾವುದೆಂದು ಬೇರೆಯಾಗಿ ಹೇಳಬೇಕು. ಎಲ್ಲವೂ ಹಂಚಿಕೆ! ಚೆಂದದ ಕಲ್ಪನೆಯೇ. ಆದರೆ ಲಿಪಿಯ ಸೂಚನೆ ತಪ್ಪಿಹೋದರೆ ಆ ಸಾಲು ಕನ್ನಡವೋ ತೆಲುಗೋ ಸಂಖ್ಯೆ ನೋಡಿ ಹೇಳಲಾಗದು.

ಯೂನಿಕೋಡ್ ಇಸ್ಕಿಯ ಜೋಡಣೆಯ ಕ್ರಮವನ್ನು ಉಳಿಸಿಕೊಂಡು ಪ್ರತಿ ಲಿಪಿಗೂ ಪ್ರತ್ಯೇಕ ಮನೆ ಕೊಟ್ಟಿತು. ಈಗ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು, ಒಂದೊಂದರಲ್ಲೂ 128 ಕೋಣೆ. ತೆಲುಗಿನ ಕಕಾರದ ಸಂಖ್ಯೆಗೆ 128 ಕೂಡಿಸಿದರೆ ಕನ್ನಡದ ಕಕಾರ. ಬಹುತೇಕ ಅಕ್ಷರಗಳಿಗೆ ಇದು ನಡೆಯುತ್ತದೆ, ಹಾಗಾಗಿ ತೆಲುಗು ಬರಹವನ್ನು ಕನ್ನಡ ಅಕ್ಷರಗಳಲ್ಲಿ ತೋರಿಸುವ ಸಣ್ಣ ಸಲಕರಣೆಯನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಬರೆಯಬಹುದು. ಆದರೆ ಹಳಗನ್ನಡದ ‘ೞ’ಕಾರಕ್ಕೆ ಕನ್ನಡದ ಮನೆಯಲ್ಲಿ ಒಂದು ಕೋಣೆ ಇದೆ, ತೆಲುಗಿನ ಮನೆಯಲ್ಲಿ ಅದೇ ಜಾಗದ ಕೋಣೆ ಖಾಲಿ. ತೆಲುಗಿಗೆ ತನ್ನದೇ ಚಕಾರ, ಜಕಾರಗಳ ಇನ್ನೊಂದು ಬಗೆಗೆ ಕೋಣೆಗಳಿವೆ. ನಮ್ಮಲ್ಲಿ ಅವು ಖಾಲಿ. ಮರಿ ಥೀಮ್ ಇರಬೇಕಾದದ್ದೂ ಹೀಗೆಯೇ ಎನ್ನಿಸುತ್ತದೆ ನನಗೆ. ರಂಗತಂಡದ ತಾಣಕ್ಕೆ ಟಿಕೆಟ್ಟಿನ ಪುಟ ಬೇಕು, ಗ್ರಂಥಾಲಯಕ್ಕೆ ಬೇಡ. ಅದನ್ನು ಸಾಮಾನ್ಯ ಕೋಡಿಗೆ ತುರುಕಿ, ಗ್ರಂಥಾಲಯದ ಪಾಲಿಗೆ ಆರಿಸಿಡುವ ಹತ್ತು ಗುಂಡಿ ಮಾಡುವುದು ಯಾರಿಗೂ ಹಿತವಲ್ಲ.

ಹಂಚಿಕೆಗೆ ಅಪಾಯವೂ ಇದೆ. ಒಂದೇ ಕಡತದಲ್ಲಿ ಒಂದು ಅರ್ಧವಿರಾಮ ತಪ್ಪಿದರೆ ಏಳು ತಾಣಗಳು ಒಟ್ಟಿಗೆ ಮಲಗುತ್ತವೆ, ಅದೂ ನವೆಂಬರ್ ಒಂದರ ಬೆಳಿಗ್ಗೆ. ಆದ್ದರಿಂದ ಹೊಸ ಬದಲಾವಣೆ ಮೊದಲು ಗ್ರಂಥಾಲಯದ ತಾಣಕ್ಕೆ ಹೋಗುತ್ತದೆ (ಅಲ್ಲಿಯ ಓದುಗರು ತಾಳ್ಮೆಯವರು), ವಾರ ಕಳೆದ ಮೇಲೆ ಉಳಿದವಕ್ಕೆ. ಕೋಡ್ ಇರುವುದು ಒಂದು ಗಿಟ್ ಭಂಡಾರದಲ್ಲಿ. ಪ್ರತಿ ಬಿಡುಗಡೆಗೂ ಒಂದು ಸಂಖ್ಯೆ. ಯಾವ ತಾಣ ಯಾವ ಸಂಖ್ಯೆಯಲ್ಲಿದೆ ಎಂಬುದಕ್ಕೆ ಒಂದು ಪಟ್ಟಿ. ಕೋಡಿನ ಪ್ರತಿ ಹೆಸರಿನ ಮುಂದೆ ನಮ್ಮದೇ ಒಂದು ಗುರುತು, ಇಲ್ಲವಾದರೆ ಒಂದೇ ಹೆಸರಿನ ಎರಡು ಫಂಕ್ಷನ್‌ಗಳು ಎದುರಾಗಿ ತಾಣ ನಿಂತುಹೋಗುತ್ತದೆ. ಏಳನ್ನೂ ಒಂದೇ ವರ್ಡ್‌ಪ್ರೆಸ್‌ನ ಕೆಳಗೆ ತರುವ ‘ಮಲ್ಟಿಸೈಟ್’ ಸೌಲಭ್ಯ 2010ರ ಮೂರನೇ ಆವೃತ್ತಿಯಿಂದಲೇ ಇದೆ, ಆದರೆ ಬೇರೆ ಬೇರೆ ಸಂಘಗಳು ಒಂದೇ ಸೂರಿನಡಿ ಬಂದರೆ ಖರ್ಚು ಯಾರದು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಾನದರ ಗೋಜಿಗೆ ಹೋಗಿಲ್ಲ.

ನಮ್ಮ ತಾಣಗಳು ಸಾಯುವುದು ಕೆಟ್ಟ ಕೋಡಿನಿಂದ ಅಲ್ಲ, ವರ್ಗಾವಣೆಯಿಂದ. ಕಟ್ಟಿದ ಹುಡುಗನಿಗೆ ಪುಣೆಗೋ ಸಿಯಾಟಲ್‌ಗೋ ಕೆಲಸವಾಗುತ್ತದೆ, ಎರಡು ವರ್ಷ ಅಲ್ಲಿಂದಲೇ ನೋಡಿಕೊಳ್ಳುತ್ತಾನೆ, ಮಗು ಹುಟ್ಟುತ್ತದೆ, ಆಮೇಲೆ ಫೋನ್ ಎತ್ತುವುದಿಲ್ಲ. ತಪ್ಪು ಅವನದಲ್ಲ. ಕೋಡ್ ಏಳು ಕಡೆ ಹರಡಿದ್ದರೆ ಇನ್ನೊಬ್ಬರು ಬಂದು ಕೈಹಾಕುವುದಕ್ಕೇ ಹೆದರುತ್ತಾರೆ. ಒಂದೇ ಕಡೆ ಇದ್ದರೆ, ಕಾಲೇಜಿನ ಹುಡುಗಿಯೊಬ್ಬಳು ರಜೆಯಲ್ಲಿ ಕೂತು ಓದಿ ಅರ್ಥ ಮಾಡಿಕೊಳ್ಳಬಹುದು. ನಮ್ಮ ಭಂಡಾರದಲ್ಲಿ ಈಗ ಟಿಪ್ಪಣಿಗಳೆಲ್ಲ ಕನ್ನಡದಲ್ಲಿವೆ, ಅದು ನನ್ನ ಹಠ. ಮೂವರ ಬಳಿ ಕೀಲಿ ಇದೆ, ಮೂವರೂ ಮೂರು ಊರಿನವರು.

2019ರ 5.2ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಥೀಮೋ ಪ್ಲಗಿನ್ನೋ ಮುರಿದು ತಾಣ ನಿಂತರೆ, ಒಳಹೋಗಿ ಸರಿಪಡಿಸಲು ಒಂದು ಕೊಂಡಿಯನ್ನು ನಿರ್ವಾಹಕರ ಇ–ಮೇಲಿಗೆ ಕಳಿಸುತ್ತದೆ. ಏಳರಲ್ಲಿ ನಾಲ್ಕು ತಾಣಗಳಲ್ಲಿ ಆ ವಿಳಾಸ ಊರು ಬಿಟ್ಟು ವರ್ಷಗಳಾದವರದ್ದಾಗಿತ್ತು. ಒಂದಂತೂ ಮುಚ್ಚಿಹೋದ ಕಂಪನಿಯ ಇ–ಮೇಲ್. ನಿಮ್ಮ ಸಂಘದ ತಾಣದಲ್ಲಿ ಅದು ಯಾರ ಹೆಸರಿನಲ್ಲಿದೆ ಎಂದು ಈ ಭಾನುವಾರ ಒಮ್ಮೆ ನೋಡಿ. ಸೆಟ್ಟಿಂಗ್ಸ್ ಒಳಗೆ, ‘ಜನರಲ್’ ಎಂಬ ಮೊದಲ ಪುಟದಲ್ಲೇ ಇರುತ್ತದೆ.