ಭಂಗಿ ಗೋಲಿ: ಎಲೆಗೆ ಬಿಡುಗಡೆ, ಅಂಗಡಿಯವನಿಗೆ ಬೇಡಿ?

ಚಿಕ್ಕಬಾಣಾವರ: ರೈಲು ಇಳಿದು ಹೆಸರಘಟ್ಟ ರಸ್ತೆಯ ಬಸ್ಸಿಗೆ ಓಡುವವರು, ಪೀಣ್ಯದ ಪಾಳಿಗೆ ಹೊರಟವರು, ಸೋಲದೇವನಹಳ್ಳಿ ಕಡೆಯ ಕಾಲೇಜು ಹುಡುಗರು. ಇವರೆಲ್ಲ ಒಂದು ಗಳಿಗೆ ನಿಲ್ಲುವ ಜಾಗ ಎಂದರೆ ಬೀಡಾ ಅಂಗಡಿ. ಅಂಥ ಅಂಗಡಿಗೆ ಬೈಕಿನಲ್ಲಿ ಮಾಲು ಹಾಕುವ ಹುಡುಗನೊಬ್ಬ ಬಂದು, ಚಾಕೊಲೇಟಿನಂಥ ಕಪ್ಪು ಗೋಲಿಯ ಪೊಟ್ಟಣ ಮುಂದಿಟ್ಟು, "ತಗೊಳ್ಳಿ ಅಣ್ಣಾ, ಆಯುರ್ವೇದ. ಲೈಸೆನ್ಸ್ ನಂಬರ್ ಪ್ಯಾಕೆಟ್ ಮೇಲೇ ಇದೆ. ಹೈಕೋರ್ಟೇ ಪರವಾಗಿಲ್ಲ ಅಂದಿದೆ" ಎಂದರೆ ಅಂಗಡಿಯವನು ಏನು ಮಾಡಬೇಕು?

ಆಯುರ್ವೇದ ಎನ್ನುವುದು ನಿಜವಿರಬಹುದು. ಲೈಸೆನ್ಸ್ ನಂಬರೂ ನಿಜವಿರಬಹುದು. ಹೈಕೋರ್ಟಿನ ಮಾತು ಮಾತ್ರ ಅರ್ಧ ನಿಜ. ಅಂಗಡಿಯವನು ಸಿಕ್ಕಿಬೀಳುವುದು ಆ ಇನ್ನರ್ಧದಲ್ಲಿ.

ನಡೆದದ್ದು ಇಷ್ಟು. 2022ರ ಜೂನ್ ತಿಂಗಳಲ್ಲಿ ಬೇಗೂರು ಪೋಲೀಸರು ಬಿಹಾರ ಮೂಲದ ಒಬ್ಬನನ್ನು ಹಿಡಿದರು. ಅವನ ಹತ್ತಿರ 29 ಕೆ.ಜಿ. ಭಂಗಿ, 400 ಗ್ರಾಂ ಗಾಂಜಾ ಸಿಕ್ಕಿತು ಎಂಬುದು ಕೇಸು. ಜಾಮೀನು ಅರ್ಜಿ ಹೈಕೋರ್ಟಿಗೆ ಹೋಯಿತು. ಅದೇ ಆಗಸ್ಟಿನಲ್ಲಿ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಜಾಮೀನು ಕೊಟ್ಟರು. ಮಾದಕ ವಸ್ತು ಕಾಯಿದೆಯಲ್ಲಿ ಭಂಗಿ ಎಂಬ ಹೆಸರೇ ಇಲ್ಲ, ಈ ಭಂಗಿಯನ್ನು ಗಾಂಜಾ ಅಥವಾ ಚರಸಿನಿಂದ ಮಾಡಲಾಗಿದೆ ಎಂದು ತೋರಿಸುವ ಪ್ರಯೋಗಾಲಯದ ವರದಿಯೂ ಪೋಲೀಸರ ಕೈಲಿಲ್ಲ ಎಂಬುದು ಆದೇಶದ ತಿರುಳು. ಮಾರನೇ ದಿನ ಊರೆಲ್ಲ ಹಬ್ಬಿದ ಸುದ್ದಿ ಏನು? "ಭಂಗಿ ಮಾರಬಹುದಂತೆ!" ಕೋರ್ಟು ಜಾಮೀನು ಕೊಟ್ಟಿತೇ ಹೊರತು ಅಂಗಡಿ ತೆರೆಯಲು ಪರವಾನಗಿ ಕೊಟ್ಟಿರಲಿಲ್ಲ.

ಕಾಯಿದೆ ಹೀಗೇಕಿದೆ ಎಂಬುದಕ್ಕೆ ಹಳೇ ಕಥೆ ಉಂಟು. 1985ಕ್ಕೆ ಮುಂಚೆ ದೇಶದ ಎಷ್ಟೋ ಕಡೆ ಗಾಂಜಾ, ಭಂಗಿ ಎರಡೂ ಅಬಕಾರಿ ಇಲಾಖೆಯ ಬಾಬತ್ತು. ಪರವಾನಗಿ ಅಂಗಡಿ, ತೆರಿಗೆ, ಎಲ್ಲ ಇತ್ತು. ಆ ವರ್ಷ ನವೆಂಬರಿನಲ್ಲಿ ಮಾದಕ ವಸ್ತು ಕಾಯಿದೆ ಜಾರಿಗೆ ಬಂದಾಗ ಗಿಡದ ತುದಿಯ ಹೂವು, ಕಾಯಿ ಗಾಂಜಾ ಎನಿಸಿಕೊಂಡು ಒಳಗೆ ಸೇರಿದವು. ಅಂಟು ಚರಸಾಗಿ ಸೇರಿತು. ಆ ತುದಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ ಹೊರಗೆ ಉಳಿದವು. ಹೋಳಿ, ಶಿವರಾತ್ರಿ ಎಂದು ಉತ್ತರದವರು ಕುಡಿಯುವ ಭಂಗಿಗೆ ಕೈಹಚ್ಚಲು ಯಾವ ಸರಕಾರಕ್ಕೆ ಧೈರ್ಯ ಬಂದೀತು? ಕಾಶಿಯಲ್ಲಿ ಇವತ್ತಿಗೂ ಸರಕಾರಿ ಪರವಾನಗಿಯ ಭಂಗಿ ಅಂಗಡಿಗಳು ಬೋರ್ಡು ಹಾಕಿಕೊಂಡೇ ನಡೆಯುತ್ತವೆ.

ಇದನ್ನೆಲ್ಲ ಪೀಣ್ಯಕ್ಕೆ ಬಂದ ಬಿಹಾರಿ, ಒರಿಯಾ ಹುಡುಗರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಸ್ವಾಮಿ, ಕನ್ನಡ ನಾಡಿನಲ್ಲೇ ಅದಕ್ಕೆ ರಾಮರಸ ಎಂಬ ಹೆಸರಿದೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವೇ ಪ್ರಸಾದವಾಗಿ ಸಿಗುವ ಸಂಗತಿ ಪತ್ರಿಕೆಗಳಲ್ಲಿ ಬಂದು ಹಳೆಯದಾಯಿತು.

ಈಗ ಗೋಲಿಗೆ ಬರೋಣ. ಎಲೆಯಲ್ಲಿ ಮಾಡಿದ್ದೋ ಹೂವಿನಲ್ಲಿ ಮಾಡಿದ್ದೋ ಎಂದು ಗೋಲಿ ನೋಡಿ ಹೇಳಲು ಯಾವ ಅಂಗಡಿಯವನಿಗೂ ಆಗದು, ಪೋಲೀಸಿನವರಿಗೂ ಆಗದು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆಗೆ ಹೋಗಬೇಕು. 2023ರ ಜುಲೈಯಲ್ಲಿ ಮಂಗಳೂರು ಪೋಲೀಸರು ಎರಡು ಅಂಗಡಿಗಳಿಂದ ನೂರು ಕೆ.ಜಿ.ಗೂ ಮಿಕ್ಕಿ ಇಂಥದೇ ಚಾಕೊಲೇಟು ಹಿಡಿದರು. ಮುಂದಿನ ತಿಂಗಳು ಪ್ರಯೋಗಾಲಯದ ವರದಿ ಬಂತು. ಅದರಲ್ಲಿ ಗಾಂಜಾ ಅಂಶ ಇದೆ ಎಂದಿತ್ತು. ಬೇಗೂರಿನ ಕೇಸಿನಲ್ಲಿ ಇಲ್ಲದ ಕಾಗದ ಮಂಗಳೂರಿನಲ್ಲಿ ಇತ್ತು!

ಆ ಕಾಗದ ಬಂದರೆ ಏನಾಗುತ್ತದೆ ಎಂಬುದನ್ನು ಗಲ್ಲಾಪೆಟ್ಟಿಗೆ ಮುಂದೆ ಕುಳಿತವರು ಸ್ವಲ್ಪ ನಿಧಾನವಾಗಿ ಓದಬೇಕು. ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಅಲ್ಪ ಪ್ರಮಾಣ. ಒಂದು ವರ್ಷದವರೆಗೆ ಸಜೆ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೂ ಮೇಲಾದರೆ ಹತ್ತು ವರ್ಷದವರೆಗೆ. 20 ಕೆ.ಜಿ. ದಾಟಿದರೆ ವ್ಯಾಪಾರಿ ಪ್ರಮಾಣ. ಹತ್ತರಿಂದ ಇಪ್ಪತ್ತು ವರ್ಷ ಸಜೆ, ಕನಿಷ್ಠ ಒಂದು ಲಕ್ಷ ದಂಡ, ಜಾಮೀನು ಬಹಳ ಕಷ್ಟ. ಸರಿ, ಗೋಲಿಯಲ್ಲಿ ಮುಕ್ಕಾಲುಪಾಲು ಬೆಲ್ಲ, ಸಕ್ಕರೆಯೇ ಇದ್ದರೆ? ಬೆಲ್ಲವನ್ನು ಕಳೆದು ತೂಗುತ್ತಾರೆಯೇ? ಇಲ್ಲ. ಬೆರಕೆ ಮಾಲಿನಲ್ಲಿ ಮಾದಕ ವಸ್ತುವಷ್ಟನ್ನೇ ಅಲ್ಲ, ಒಟ್ಟು ತೂಕವನ್ನೇ ಲೆಕ್ಕ ಹಿಡಿಯಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೀರಾ ಸಿಂಗ್ ಕೇಸಿನಲ್ಲಿ ಹೇಳಿಬಿಟ್ಟಿದೆ. ಅಂದರೆ ಬೆಲ್ಲಕ್ಕೂ ಸಜೆ.

ವರದಿಯಲ್ಲಿ ಬರೀ ಎಲೆ ಎಂದೇ ಬಂತು ಅನ್ನಿ. ಆಗಲೂ ಪಾರಾದೆ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯಲ್ಲಿ ಅಮಲು ಪದಾರ್ಥದ ಸಾಲಿನಲ್ಲಿ ಭಂಗಿ ಎಲೆಯೂ ಇದೆ. ಮಾದಕ ವಸ್ತು ಕಾಯಿದೆ ಬಾಗಿಲು ತೆರೆದರೆ ಅಬಕಾರಿಯವರು ಕಿಟಕಿಯಲ್ಲಿ ಕಾಯುತ್ತಿರುತ್ತಾರೆ. ಹೈಕೋರ್ಟಿನ ಹೆಸರು ಹೇಳಿ ಮಾಲು ಹಾಕುವ ಹುಡುಗ ಈ ಸಂಗತಿ ಹೇಳುವುದಿಲ್ಲ.

ಇನ್ನು ಆಯುರ್ವೇದದ ಮಾತು. ಔಷಧಿ ನಿಯಮಗಳಲ್ಲಿ ವಿಷ ಪದಾರ್ಥಗಳ ಪಟ್ಟಿ ಒಂದಿದೆ. ಅಫೀಮು, ಎಕ್ಕ, ಗೇರು ಜಾತಿಯ ಭಲ್ಲಾತಕದ ಜೊತೆ ಭಂಗಿಯೂ ಅದರಲ್ಲಿದೆ. ಬೀಜಕ್ಕೆ ಮಾತ್ರ ವಿನಾಯಿತಿ. ಅಂಥ ವಸ್ತು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧಿಯ ಮೇಲೆ "ವೈದ್ಯರ ನಿಗಾದಲ್ಲಿ ಸೇವಿಸತಕ್ಕದ್ದು" ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಇರಬೇಕು. ಕನ್ನಡದಲ್ಲಿ ಇರಬೇಕೆಂಬ ಕಟ್ಟಳೆ ಆ ನಿಯಮದಲ್ಲಿಲ್ಲ. ಚಿಕ್ಕಬಾಣಾವರದ ಗಿರಾಕಿ ಅದನ್ನು ಓದಿಕೊಂಡು ವೈದ್ಯರನ್ನು ಹುಡುಕಬೇಕಂತೆ!

ಇದಕ್ಕಿಂತ ದೊಡ್ಡ ತೂತು ಬೇರೆ ಇದೆ. ಇಂಗ್ಲಿಷ್ ಔಷಧಿ ಮಾರಲು ಲೈಸೆನ್ಸ್ ಬೇಕು, ಫಾರ್ಮಸಿಸ್ಟ್ ಬೇಕು. ಆಯುರ್ವೇದ ಔಷಧಿ ತಯಾರಿಸಲು ಲೈಸೆನ್ಸ್ ಬೇಕು, ಮಾರಲು ಬೇಡ. ಚ್ಯವನಪ್ರಾಶಕ್ಕೆ ಅದು ಸರಿ. ಆದರೆ ವಿಷದ ಪಟ್ಟಿಯಲ್ಲಿರುವ ಭಂಗಿಯ ಗೋಲಿಗೂ ಅದೇ ಅನುಕೂಲ ಸಿಕ್ಕಿ, ಎಲ್ಲೋ ಉತ್ತರದಲ್ಲಿ ಔಷಧಿ ಎಂದು ಕಾರ್ಖಾನೆ ಬಿಟ್ಟ ಮಾಲು ಇಲ್ಲಿ ಮಿಠಾಯಿ ಡಬ್ಬಿ ಸೇರಿಬಿಡುತ್ತದೆ. ಕೇಂದ್ರ ಸರಕಾರ ಈ ಒಂದು ತೂತು ಮುಚ್ಚಿದರೂ ಅರ್ಧ ರಗಳೆ ಮುಗಿಯುತ್ತಿತ್ತು.

ಮನಸ್ಸು ಮಾಡಿದರೆ ಅಚ್ಚುಕಟ್ಟಾಗಿ ನಿಯಮ ಮಾಡಲು ಬರುತ್ತದೆ ಎಂಬುದಕ್ಕೆ ಬೀಜವೇ ಸಾಕ್ಷಿ. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಗಿಡದ ಬೀಜ, ಬೀಜದ ಎಣ್ಣೆ, ಹಿಟ್ಟನ್ನು ಆಹಾರವೆಂದು ಒಪ್ಪಿತು. ಅಮಲಿನ ಅಂಶ ಟಿಎಚ್‌ಸಿ ಬೀಜದಲ್ಲಿ ಕೆ.ಜಿ.ಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ 10 ಮಿಲಿಗ್ರಾಂ ಮೀರಬಾರದು ಎಂದು ಅಳತೆ ಗೊತ್ತುಮಾಡಿತು. ಹಾಗಾಗಿ ದೊಡ್ಡ ಅಂಗಡಿಗಳಲ್ಲಿ ಸಿಗುವ ಹೆಂಪ್ ಬೀಜದ ಡಬ್ಬಿಗೂ ಬೀಡಾ ಅಂಗಡಿಯ ಗೋಲಿಗೂ ಗಿಡ ಒಂದೇ ಆದರೂ ಸಂಬಂಧವಿಲ್ಲ. ಬೀಜ ತಿಂದರೆ ಅಮಲೇರದು. ಅಮಲೇರುವ ಗೋಲಿಯ ಪೊಟ್ಟಣದ ಮೇಲೋ, ಟಿಎಚ್‌ಸಿ ಎಷ್ಟು ಎಂಬ ಲೆಕ್ಕವನ್ನು ಕಾಣುವುದೇ ಅಪರೂಪ. ಭಂಗಿ ಇಷ್ಟು ಮಿಲಿಗ್ರಾಂ ಎಂದಿದ್ದರೂ ಪ್ರಯೋಜನ ಕಮ್ಮಿ. ಎಲೆ ಎಲೆಗೂ ಕಸುವು ಬೇರೆ.

ಅಪಾಯ ಇರುವುದೂ ಇಲ್ಲಿಯೇ. ಸೇದಿದ ಹೊಗೆ ನಿಮಿಷಗಳಲ್ಲಿ ತಲೆಗೆ ಏರುತ್ತದೆ. ತಿಂದದ್ದು ಹಾಗಲ್ಲ. ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯಬಹುದು. "ಏನೂ ಆಗ್ಲಿಲ್ವಲ್ಲ" ಎಂದು ಹುಡುಗ ಇನ್ನೊಂದು ಬಾಯಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಎದೆ ಬಡಿತ, ಗಾಬರಿ, ಭ್ರಮೆ, ವಾಂತಿ. ಬೆಳಗ್ಗೆ ಎಂಟಕ್ಕೆ ತಿಂದವನಿಗೆ ಪೀಣ್ಯದ ಪವರ್ ಪ್ರೆಸ್ಸಿನ ಮುಂದೆ ನಿಂತಾಗ ಹತ್ತು ಗಂಟೆಗೆ ಏರಿದರೆ ಬೆರಳಿನ ಗತಿ ಏನು? ಹೆಸರಘಟ್ಟ ರಸ್ತೆಯಲ್ಲಿ ಟೆಂಪೋ ಓಡಿಸುವವನಾದರೆ? ಚಿಕ್ಕ ಮಗುವೊಂದು ಮಿಠಾಯಿ ಎಂದು ತಿಂದರೆ ಎಬ್ಬಿಸಲಾಗದ ಜೋಂಪು, ಉಸಿರಾಟದ ತೊಂದರೆವರೆಗೂ ಹೋಗುತ್ತದೆ. ಆಗ ಮಜ್ಜಿಗೆ, ನಿಂಬೆಹಣ್ಣು ಎಂದು ಹೊತ್ತು ಕಳೆಯದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಓಡಬೇಕು. ಏನು ತಿಂದಿದೆ ಎಂದು ತಿಳಿದರೆ ಡಾಕ್ಟರ ಅರ್ಧ ಕೆಲಸ ಹಗುರ.

ಇಷ್ಟಕ್ಕೂ ಇದನ್ನು ನೋಡಿಕೊಳ್ಳಬೇಕಾದವರು ಯಾರು? ಗಾಂಜಾ ಎಂದರೆ ಪೋಲೀಸು. ಎಲೆ ಎಂದರೆ ಅಬಕಾರಿ. ಔಷಧಿ ಎಂದರೆ ಆಯುಷ್. ಮಿಠಾಯಿ ಎಂದರೆ ಆಹಾರ ಸುರಕ್ಷತೆ. ನಾಲ್ಕು ಇಲಾಖೆಗೆ ಒಂದು ಗೋಲಿ! ಕಾಲೇಜಿನ ಸುತ್ತ ನಾಲ್ವರೂ ಕೂಡಿ ಒಂದು ಸುತ್ತು ಬಂದು ಹತ್ತು ಪೊಟ್ಟಣ ಪರೀಕ್ಷೆಗೆ ಕಳಿಸಿ, ಬಂದ ಫಲಿತಾಂಶವನ್ನು ಅಂಗಡಿಯವರಿಗೆ ಕನ್ನಡದಲ್ಲಿ ತಿಳಿಸಿದರೆ ಖರ್ಚು ದೊಡ್ಡದಲ್ಲ.

ಅಲ್ಲಿಯವರೆಗೆ ಅಂಗಡಿಯವರು ಮಾಲು ಹಾಕುವ ಹುಡುಗನನ್ನು ಕೇಳಬಹುದಾದ ಪ್ರಶ್ನೆ ಒಂದಿದೆ: "ಬಿಲ್ಲು ಕೊಡಪ್ಪಾ, ಕಂಪನಿ ಹೆಸರು, ಬ್ಯಾಚ್ ನಂಬರು ಹಾಕಿ." ಕೊಡದೆ ಹೋದರೆ, ನಾಳೆ ಕೇಸಾದಾಗ ಆ ಹುಡುಗನ ಬೈಕ್ ನಂಬರೂ ಯಾರಿಗೂ ಗೊತ್ತಿರುವುದಿಲ್ಲ. ಮಹಜರಿನಲ್ಲಿ ಬರೆದುಕೊಳ್ಳಲು ಸಿಗುವ ವಿಳಾಸ ಅಂಗಡಿಯದು ಮಾತ್ರ.