ಆಟಕ್ಕುಂಟು, ಲೆಕ್ಕಕ್ಕಿಲ್ಲ

ಕ್ರಿಪ್ಟೊ ಕೊಂಡು ಮಾರಿದ ಯಾರನ್ನೇ ಕೇಳಿದರೂ ಸಿಗುವುದು ಹೆಚ್ಚೆಂದರೆ ಎರಡು ವಹಿವಾಟಿನ ಕತೆ. ಎಲ್ಲರೂ ಹೆದರಿದ್ದಾಗ ಧೈರ್ಯ ಮಾಡಿ ಕೊಂಡದ್ದು ಒಂದು. ಇನ್ನೆರಡು ವಾರ ತಡೆದಿದ್ದರೆ ಎಷ್ಟು ಬರುತ್ತಿತ್ತು ಎಂಬ ಹಳಹಳಿಕೆ ಇನ್ನೊಂದು. ನಡುವೆ ನಡೆದ ನಲವತ್ತೋ ಐವತ್ತೋ ವಹಿವಾಟುಗಳಿಗೆ ಆ ಕತೆಯಲ್ಲಿ ಜಾಗವಿಲ್ಲ. ರಾತ್ರಿ ಹನ್ನೊಂದಕ್ಕೆ ಟೆಲಿಗ್ರಾಂ ಗುಂಪಿನಲ್ಲಿ ಹೆಸರು ಕೇಳಿ ಕೊಂಡ ಕಾಯಿನ್, ಬೆಳಿಗ್ಗೆ ಹೆದರಿ ಅದನ್ನು ಮಾರಿದ್ದು, ಮಾರಿದ ಮೇಲೆ ಏರಿತೆಂದು ಹೆಚ್ಚು ಕೊಟ್ಟು ಮತ್ತೆ ಕೊಂಡದ್ದು, ಇವೆಲ್ಲ ದೊಡ್ಡ ಹುಡುಗರ ಆಟಕ್ಕೆ ಸೇರಿಸಿಕೊಂಡ ಪುಟ್ಟ ತಮ್ಮನಂತೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇವನ್ನು ಲೆಕ್ಕಕ್ಕೆ ತರಲು ದೊಡ್ಡ ವಿದ್ಯೆಯೇನೂ ಬೇಡ. ಕಾಯಿನ್ನಿನ ಬೆಲೆಯ ಚಾರ್ಟ್ ತೆಗೆದು, ಕೊಂಡ ಪ್ರತಿ ಸಲಕ್ಕೂ ಒಂದು ಹಸಿರು ಚುಕ್ಕೆ, ಮಾರಿದ ಪ್ರತಿ ಸಲಕ್ಕೂ ಒಂದು ಕೆಂಪು ಚುಕ್ಕೆ ಇಟ್ಟರೆ ಮುಗಿಯಿತು. ಈ ಕೆಲಸ ಮಾಡಿಕೊಡುವ ಆ್ಯಪ್‌ಗಳಿವೆ, ಎಕ್ಸೆಲ್ ಬಲ್ಲವರು ಒಂದು ಭಾನುವಾರದಲ್ಲಿ ತಾವೇ ಮಾಡಿಕೊಳ್ಳಬಹುದು. ಕ್ರಿಪ್ಟೊದಲ್ಲಿ ದುಡ್ಡಿಟ್ಟ ಪ್ರತಿಯೊಬ್ಬರೂ ಒಮ್ಮೆಯಾದರೂ ಈ ಚಿತ್ರವನ್ನು ಬರೆದು ನೋಡಬೇಕು. ಆದರೆ ಚುಕ್ಕೆಗಳನ್ನಷ್ಟೇ ನೋಡಿ ಎದ್ದವರು ಮೊದಲಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಚುಕ್ಕೆಯ ಪಕ್ಕದಲ್ಲಿ ಮಾತೂ ಇರಬೇಕು, ಅದೂ ಆ ದಿನವೇ ಬರೆದ ಮಾತು.

ಮೊದಲು ಚುಕ್ಕೆ ಸರಿಯಾದ ಜಾಗದಲ್ಲಿ ಬೀಳಬೇಕು. ವಹಿವಾಟಿನ ಪಟ್ಟಿಯನ್ನು ಎಕ್ಸ್‌ಚೇಂಜ್‌ನಿಂದ ಇಳಿಸಿಕೊಂಡಾಗ ಅದರಲ್ಲಿನ ಸಮಯ ಎಷ್ಟೋ ಸಲ ಯುಟಿಸಿಯಲ್ಲಿರುತ್ತದೆ. ಭಾರತದ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪುಣೆಯಲ್ಲಿ ಕೂತು 10ನೇ ತಾರೀಕು ನಸುಕಿನ ಎರಡು ಗಂಟೆಗೆ ಕೊಂಡದ್ದು ಚಾರ್ಟಿನಲ್ಲಿ 9ರ ಲೆಕ್ಕಕ್ಕೆ ಹೋಗುತ್ತದೆ. ಒಂದೇ ದಿನದಲ್ಲಿ ಹತ್ತು ಶೇಕಡಾ ಏರಿಳಿಯುವ ಸರಕಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಕೊಂಡದ್ದು ರೂಪಾಯಿಯಲ್ಲಿ, ಚಾರ್ಟ್ ಡಾಲರಿನಲ್ಲಿ ಇದ್ದರೆ ವಿನಿಮಯ ದರದ ಏರಿಳಿತವೂ ಲಾಭನಷ್ಟದಲ್ಲಿ ಬೆರೆತುಹೋಗುತ್ತದೆ. ಎಕ್ಸ್‌ಚೇಂಜ್‌ನಿಂದ ಸ್ವಂತ ವಾಲೆಟ್ಟಿಗೆ ಸಾಗಿಸಿದ ಕಾಯಿನ್ ಮಾರಾಟವಲ್ಲ, ಅದಕ್ಕೆ ಕೆಂಪು ಚುಕ್ಕೆ ಬೀಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಚುಕ್ಕೆಯ ಗಾತ್ರ ಹಾಕಿದ ಹಣಕ್ಕೆ ತಕ್ಕಂತಿರಬೇಕು. ತಳದಲ್ಲಿ ಎರಡು ಸಾವಿರಕ್ಕೆ ಕೊಂಡದ್ದೂ ತುದಿಯಲ್ಲಿ ಎರಡು ಲಕ್ಷಕ್ಕೆ ಕೊಂಡದ್ದೂ ಒಂದೇ ಅಳತೆಯ ಚುಕ್ಕೆಯಾದರೆ ಆ ಚಿತ್ರ ಮುಖಸ್ತುತಿ ಮಾಡುತ್ತದೆ.

ಚಾರ್ಟನ್ನು ಲಾಗ್ ಸ್ಕೇಲಿಗೆ ಬದಲಾಯಿಸಿಕೊಳ್ಳುವುದೂ ಅಗತ್ಯ. 2017ರ ಡಿಸೆಂಬರಿನಲ್ಲಿ 20,000 ಡಾಲರ್ ಹತ್ತಿರ ಹೋಗಿದ್ದ ಬಿಟ್‌ಕಾಯಿನ್ ಒಂದು ವರ್ಷದಲ್ಲಿ 3,200 ಡಾಲರ್ ಆಸುಪಾಸಿಗೆ ಬಿತ್ತು. ಅಂದರೆ ನೂರು ರೂಪಾಯಿ ಹಾಕಿದವರ ಕೈಯಲ್ಲಿ ಉಳಿದದ್ದು ಹದಿನಾರು ರೂಪಾಯಿ. ಸಾಮಾನ್ಯ ಚಾರ್ಟಿನಲ್ಲಿ, 2024ರ ಡಿಸೆಂಬರಿನ ಒಂದು ಲಕ್ಷ ಡಾಲರಿನ ಪಕ್ಕ ಅದು ಸಣ್ಣ ದಿಬ್ಬದಂತೆ ಕಾಣುತ್ತದೆ. ಲಾಗ್ ಸ್ಕೇಲಿನಲ್ಲಿ ಸಮಾನ ಶೇಕಡಾಕ್ಕೆ ಸಮಾನ ಎತ್ತರ, ಹಾಗಾಗಿ ಅಂದಿನ ಪೆಟ್ಟು ಅಂದಿನಷ್ಟೇ ದೊಡ್ಡದಾಗಿ ಕಾಣುತ್ತದೆ.

ಹೀಗೆ ಬರೆದ ಚಿತ್ರದಲ್ಲಿ ಬಹುಮಂದಿಗೆ ಕಾಣುವುದು ಹೆಚ್ಚು ಕಡಿಮೆ ಒಂದೇ ಬಗೆಯ ರೂಢಿ. ಹಸಿರು ಚುಕ್ಕೆಗಳು ಕಡಿದಾದ ಏರಿನ ಕೊನೆಯಲ್ಲಿ ಗುಂಪುಗೂಡಿರುತ್ತವೆ. ಲಾಭ ಬಂದ ಕಾಯಿನ್ನಿನ ಮೇಲೆ ಬೇಗನೇ ಕೆಂಪು ಚುಕ್ಕೆ ಬಿದ್ದಿರುತ್ತದೆ. ನಷ್ಟದಲ್ಲಿರುವ ಕಾಯಿನ್ನಿನ ಗೆರೆ ಮಾತ್ರ ತಿಂಗಳುಗಟ್ಟಲೆ ಇಳಿಯುತ್ತಾ ಹೋದರೂ ಒಂದು ಕೆಂಪು ಚುಕ್ಕೆಯಿಲ್ಲ. ಇದಕ್ಕೆ 1985ರಲ್ಲೇ ಹರ್ಷ್ ಶೆಫ್ರಿನ್ ಮತ್ತು ಮೀರ್ ಸ್ಟಾಟ್‌ಮನ್ ಎಂಬ ಅರ್ಥಶಾಸ್ತ್ರಜ್ಞರು ಹೆಸರು ಕೊಟ್ಟರು. ಗೆದ್ದದ್ದನ್ನು ಬೇಗ ಮಾರುವ, ಸೋತದ್ದನ್ನು ಬಿಡಲಾರದ ಈ ಗುಣವನ್ನು 1998ರಲ್ಲಿ ಟೆರೆನ್ಸ್ ಓಡಿಯನ್ ಅಮೆರಿಕದ ಹತ್ತು ಸಾವಿರ ಖಾತೆಗಳಲ್ಲಿ ಗುರುತಿಸಿದರು. ಎರಡು ವರ್ಷದ ಬಳಿಕ ಅವರೇ ಬ್ರಾಡ್ ಬಾರ್ಬರ್ ಜೊತೆ 66,465 ಕುಟುಂಬಗಳ ಷೇರು ವಹಿವಾಟನ್ನು ಪರಿಶೀಲಿಸಿದಾಗ, ಅತಿ ಹೆಚ್ಚು ಕೊಂಡು ಮಾರಿದವರಿಗೆ ವರ್ಷಕ್ಕೆ 11.4% ಸಿಕ್ಕಿತ್ತು, ಅದೇ ಅವಧಿಯಲ್ಲಿ ಮಾರುಕಟ್ಟೆ 17.9% ಕೊಟ್ಟಿತ್ತು. ಅವರಿಗೆ ಬುದ್ಧಿ ಕಡಿಮೆಯಿತ್ತು ಎಂದಲ್ಲ, ಚುಕ್ಕೆಗಳು ಹೆಚ್ಚಾಗಿದ್ದವು.

ಇಲ್ಲಿಯವರೆಗೆ ಚಿತ್ರ ಒಳ್ಳೆಯ ಮೇಷ್ಟ್ರು. ಇದರ ನಂತರ ಅದು ಕೆಟ್ಟ ಪಾಠವನ್ನೂ ಹೇಳಿಕೊಡುತ್ತದೆ. ಮುಗಿದುಹೋದ ಚಾರ್ಟಿನ ಮುಂದೆ ಕೂತವರಿಗೆ ಪ್ರತಿ ತುದಿಯೂ ತುದಿಯೆಂದೇ, ಪ್ರತಿ ತಳವೂ ತಳವೆಂದೇ ಕಾಣುತ್ತದೆ. 'ಇಲ್ಲಿ ಮಾರಬೇಕಿತ್ತು, ಇಲ್ಲಿ ಕೊಳ್ಳಬೇಕಿತ್ತು' ಎಂದು ಬೆರಳಿಟ್ಟು ತೋರಿಸಬಹುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯಲ್ಲಿ ಬುದ್ಧಿ ತಡವಾಗಿಯಾದರೂ ಬಂದ ಸಮಾಧಾನವಿದೆ. ಚಾರ್ಟಿನ ಮುಂದೆ ಬರುವ ಬುದ್ಧಿ ತಾನು ಮೊದಲೇ ಬಂದಿದ್ದೆ ಎಂದು ಸಾಧಿಸುತ್ತದೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಬೀಜಿಂಗ್ ಮತ್ತು ಮಾಸ್ಕೋಗೆ ಹೊರಟಾಗ, ಆ ಭೇಟಿಗಳಲ್ಲಿ ಏನೇನು ಆಗಬಹುದು ಎಂದು ಮನಃಶಾಸ್ತ್ರಜ್ಞ ಬರೂಕ್ ಫಿಷಾಫ್ ಮತ್ತು ಅವರ ಸಹೋದ್ಯೋಗಿ ವಿದ್ಯಾರ್ಥಿಗಳಿಂದ ಅಂದಾಜು ಬರೆಸಿದರು. ಪ್ರವಾಸ ಮುಗಿದ ಮೇಲೆ ನೀವು ಆಗ ಎಷ್ಟು ಅಂದಾಜು ಕೊಟ್ಟಿದ್ದಿರಿ ಎಂದು ಕೇಳಿದರೆ, ನಡೆದ ಸಂಗತಿಗಳ ಬಗ್ಗೆ ನಿಜಕ್ಕಿಂತ ಹೆಚ್ಚು ಖಚಿತವಾಗಿ ಹೇಳಿದ್ದೆವೆಂದೇ ಬಹುಮಂದಿ ನೆನಪಿಸಿಕೊಂಡರು. ಮೊದಲು ಬರೆದ ಕಾಗದ ಕೈಯಲ್ಲಿದ್ದುದರಿಂದ ಮಾತ್ರ ಆ ತಪ್ಪು ಸಿಕ್ಕಿಬಿತ್ತು.

ಚುಕ್ಕೆಯ ತೀರ್ಪು ಸ್ಥಿರವೂ ಅಲ್ಲ. 2021ರ ನವೆಂಬರಿನಲ್ಲಿ ಬಿಟ್‌ಕಾಯಿನ್ 69,000 ಡಾಲರ್ ಸುಮಾರಿಗೆ ಹೋದಾಗ ಒಬ್ಬರು ಕೊಂಡರು ಎಂದುಕೊಳ್ಳಿ. ಮರುವರ್ಷದ ನವೆಂಬರಿನಲ್ಲಿ, ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಮುಳುಗಿ ಬೆಲೆ 16,000 ಡಾಲರ್ ಸುತ್ತಮುತ್ತ ಇದ್ದಾಗ, ಆ ಚುಕ್ಕೆ ಶುದ್ಧ ಮೂರ್ಖತನ. 2024ರ ಡಿಸೆಂಬರಿನಲ್ಲಿ ನೋಡಿದರೆ ಅದೇ ಚುಕ್ಕೆ ದೂರದೃಷ್ಟಿ. ಕೊಂಡ ದಿನದ ನಿರ್ಧಾರದಲ್ಲಿ ಒಂದಕ್ಷರವೂ ಬದಲಾಗಿಲ್ಲ, ಚಾರ್ಟಿನ ಬಲತುದಿ ಸರಿದಿದೆ ಅಷ್ಟೆ. ನಿರ್ಧಾರ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಅದರ ಹಿಂದಿನ ಕಾರಣ ಬೇಕು. ಬೆಲೆಯ ಗೆರೆಯಲ್ಲಿ ಅದು ಎಲ್ಲೂ ಸಿಗುವುದಿಲ್ಲ.

ಆದ್ದರಿಂದ ಬಟನ್ ಒತ್ತುವ ಮೊದಲು ಒಂದು ಸಾಲು ಬರೆಯಬೇಕು: ಯಾಕೆ ಕೊಳ್ಳುತ್ತಿರುವುದು, ಯಾವಾಗ ಮಾರುವುದು, ಏನಾದರೆ ತಪ್ಪಾಯಿತೆಂದು ಒಪ್ಪುವುದು. ಇದನ್ನು ಕನ್ನಡದಲ್ಲೇ ಬರೆದರೆ ಒಂದು ಲಾಭವಿದೆ. ಇಂಗ್ಲಿಷಿನ ಗಡಿಬಿಡಿ ಟಿಪ್ಪಣಿಯಲ್ಲಿ ಮಾತು ಯಾರದು ಎಂಬುದು ಸುಲಭವಾಗಿ ಮರೆಯಾಗುತ್ತದೆ. ಕನ್ನಡದಲ್ಲಿ ಆಡಿದಂತೆ ಬರೆದರೆ ಪರರ ಮಾತು ತಾನಾಗಿಯೇ 'ಅಂತೆ' ಎಂದು ಬಾಲ ತೋರಿಸುತ್ತದೆ. 'ಮುಂದಿನ ತಿಂಗಳು ದೊಡ್ಡ ಎಕ್ಸ್‌ಚೇಂಜಲ್ಲಿ ಬರುತ್ತಂತೆ.' 'ದೊಡ್ಡ ಕುಳಗಳೆಲ್ಲ ಕೊಳ್ತಿದ್ದಾರಂತೆ.' ಕಾರಣವೇ ಇಲ್ಲದಿದ್ದರೆ ಸಾಲು 'ನೋಡೋಣ' ಎಂದು ಮುಗಿಯುತ್ತದೆ. ಆರು ತಿಂಗಳ ನಂತರ 'ಅಂತೆ' ಚುಕ್ಕೆಗಳನ್ನು, 'ನೋಡೋಣ' ಚುಕ್ಕೆಗಳನ್ನು, ಸ್ವಂತ ಕಾರಣದ ಚುಕ್ಕೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಇಟ್ಟು ನೋಡಲಿ. ಲಾಭನಷ್ಟಕ್ಕಿಂತ ಮೊದಲು ಎಣಿಕೆಯೇ ಮಾತಾಡುತ್ತದೆ. ಐವತ್ತರಲ್ಲಿ ಮೂವತ್ತು 'ಅಂತೆ' ಆಗಿದ್ದರೆ, ಹಣ ಹಾಕಿದವರು ಒಬ್ಬರು, ನಿರ್ಧರಿಸಿದವರು ಇನ್ನಾರೋ.

ಅದೇ ಚಾರ್ಟಿಗೆ ಇನ್ನೊಂದು ಗೆರೆಯನ್ನೂ ಸೇರಿಸಬೇಕು. ಅದೇ ದಿನಗಳಲ್ಲಿ ಅದೇ ಹಣ ಹಾಕಿ, ನಡುವೆ ಏನನ್ನೂ ಮಾರದೆ ಕೂತಿದ್ದರೆ ಎಷ್ಟಿರುತ್ತಿತ್ತು ಎಂಬ ಗೆರೆ. ನಿದ್ದೆಗೆಟ್ಟು ಮಾಡಿದ ವಹಿವಾಟಿನ ಗೆರೆ ಈ ಸುಮ್ಮನೆ ಕೂತ ಗೆರೆಗಿಂತ ಕೆಳಗಿದ್ದರೆ, ಆ ಎರಡರ ನಡುವಿನ ಅಂತರವೇ ಚುರುಕುತನಕ್ಕೆ ತೆತ್ತ ಬೆಲೆ.

ಭಾರತದಲ್ಲಿ ಈ ಬೆಲೆಗೆ ಸರ್ಕಾರದ ಪಾಲೂ ಸೇರುತ್ತದೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಬಿಟ್‌ಕಾಯಿನ್ನಿನಲ್ಲಿ 1,00,000 ರೂಪಾಯಿ ಲಾಭ, ಈಥರ್‌ನಲ್ಲಿ 80,000 ರೂಪಾಯಿ ನಷ್ಟವಾದವರು ಚಾರ್ಟಿನಲ್ಲಿ 20,000 ರೂಪಾಯಿ ಗೆದ್ದಿರುತ್ತಾರೆ. ತೆರಿಗೆ ಮಾತ್ರ ಪೂರ್ತಿ ಒಂದು ಲಕ್ಷದ ಮೇಲೆ, 31,200 ರೂಪಾಯಿ. ಗೆದ್ದವರು 11,200 ರೂಪಾಯಿ ಕಳೆದುಕೊಂಡು ಎದ್ದರು. ಆದಾಯ ತೆರಿಗೆಯ ಆಟದಲ್ಲಿ ನಷ್ಟ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದರ ಜೊತೆ 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಇದೆ. ಅದು ತೆರಿಗೆಯಲ್ಲಿ ವಜಾ ಆಗುತ್ತದೆ ನಿಜ. ಆದರೆ ಒಂದು ಲಕ್ಷವನ್ನು ಐವತ್ತು ಸಲ ತಿರುಗಿಸಿದರೆ, ಬೆಲೆ ಒಂದು ಪೈಸೆ ಅಲುಗದಿದ್ದರೂ, ಸುಮಾರು 40,000 ರೂಪಾಯಿ ರಿಟರ್ನ್ ಸಲ್ಲಿಸಿ ವಾಪಸ್ ಬರುವ ತನಕ ಕೈಗೆ ಸಿಗುವುದಿಲ್ಲ. ಆ್ಯಪ್‌ಗಳ ಬಣ್ಣಬಣ್ಣದ ಚುಕ್ಕೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ತೆರಿಗೆ, ಶುಲ್ಕ ಎರಡನ್ನೂ ಕಳೆದು ಬರೆದ ಗೆರೆಯೇ ನಿಜವಾದ ಗೆರೆ.

ಇಷ್ಟೆಲ್ಲ ಯಾಕೆ, ತಿಂಗಳಿಗೆ ಎರಡು ಸಾವಿರ ಹಾಕಿ ಮರೆತರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಗೆ ನಿಜವಾಗಿ ಮರೆಯಬಲ್ಲವರಿಗೆ ಈ ಚಿತ್ರದ ಅಗತ್ಯ ಕಡಿಮೆ. ಹತ್ತು ಚುಕ್ಕೆಗಳಿಂದ ಯಾವ ಸಿದ್ಧಾಂತವೂ ಹುಟ್ಟುವುದಿಲ್ಲ ಎಂಬುದೂ ಸರಿ. ಕಾಯಿನ್ನಿಗೆ ಆ ಬೆಲೆಯ ಯೋಗ್ಯತೆ ಇದೆಯೇ ಎಂಬ ಪ್ರಶ್ನೆಗೂ ಚಾರ್ಟ್ ಉತ್ತರಿಸದು. ಆದರೆ ಮರೆಯಲಾರದವರೇ ಹೆಚ್ಚು. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಬಗ್ಗೆ 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಲ್ಲಿ, 2021-22ರಿಂದ ಮೂರು ವರ್ಷ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93% ಮಂದಿ ನಷ್ಟದಲ್ಲಿದ್ದರು. ಎರಡು ವರ್ಷ ಸತತವಾಗಿ ಕಳೆದುಕೊಂಡವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಆಟ ಬಿಡಲಿಲ್ಲ. ಅದು ಬೇರೆ ಮಾರುಕಟ್ಟೆ, ಆದರೆ ಬೆರಳು ಅದೇ, ಫೋನೂ ಅದೇ. ಮನೆಯ ಮುಂಗಡ, ಮಕ್ಕಳ ಫೀಸು, ಊರಿನಲ್ಲಿರುವ ತಾಯಿಯ ಆಸ್ಪತ್ರೆಗೆಂದು ಇಟ್ಟದ್ದು ಆ ಬೆರಳಿನ ತುದಿಯಲ್ಲಿರುತ್ತದೆ.

ಮುಂಬಯಿಗೆ ಬಂದು ಹೋಟೆಲು ಕಟ್ಟಿದ ಉಡುಪಿ ಕಡೆಯವರು ರಾತ್ರಿ ಗಲ್ಲಾದ ಹಣಕ್ಕೂ ಬಿಲ್ಲಿಗೂ ತಾಳೆ ನೋಡದೆ ಬಾಗಿಲು ಹಾಕುತ್ತಿರಲಿಲ್ಲ. ಅದರಿಂದ ಮರುದಿನ ಎಷ್ಟು ಗಿರಾಕಿ ಬರುತ್ತಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಹಾಗೆ ತಿಳಿಯುತ್ತದೆಂದು ಅವರು ನಂಬಿಯೂ ಇರಲಿಲ್ಲ. ಸೋರುವುದು ಎಲ್ಲಿ ಎಂದು ಗೊತ್ತಾದರೆ ಅಷ್ಟೇ ಸಾಕಿತ್ತು. ಚುಕ್ಕೆ ಇಟ್ಟ ಚಾರ್ಟಿನಿಂದಲೂ ಇದಕ್ಕಿಂತ ಹೆಚ್ಚಿನದನ್ನು ಕೇಳಬಾರದು. ನಾಳಿನ ಬೆಲೆಯನ್ನು ಅದರಲ್ಲಿ ಹುಡುಕುವವರಿಗೆ ಅದು ಇನ್ನೂ ಹತ್ತು ಚುಕ್ಕೆ ಇಡಿಸುತ್ತದೆ. ಮುಂದಿನ ಆರು ತಿಂಗಳಲ್ಲಿ ಐವತ್ತರ ಬದಲು ಎಂಟೇ ಚುಕ್ಕೆಗಳು ಬಿದ್ದು, ಎಂಟಕ್ಕೂ 'ಅಂತೆ' ಇಲ್ಲದ ಒಂದೊಂದು ಸಾಲು ಇದ್ದರೆ ಚಿತ್ರ ಬರೆದ ಭಾನುವಾರ ಸಾರ್ಥಕ.