ಸಂಘ ಎಲ್ಲರದಾಗಲಿ: ದಾವಣಗೆರೆ–ಹರಿಹರದ ಅಧ್ಯಾಪಕರ ಹಕ್ಕೊತ್ತಾಯ ಪತ್ರ

ಇವರಿಗೆ,
ದಾವಣಗೆರೆ ನಗರ ಮತ್ತು ಹರಿಹರದ ಕಾಲೇಜು ಹಾಗೂ ವಿಶ್ವವಿದ್ಯಾಲಯ ಅಧ್ಯಾಪಕ ಸಂಘಗಳ ಪದಾಧಿಕಾರಿಗಳು, ಮುಂದಿನ ಚುನಾವಣೆಗೆ ನಿಲ್ಲಲಿರುವ ಎಲ್ಲ ಅಭ್ಯರ್ಥಿಗಳು.

ವಿಷಯ: ಸಂಘದ ನಾಯಕತ್ವದ ಚುನಾವಣೆ ಮತ್ತು ಎಲ್ಲ ವರ್ಗದ ಅಧ್ಯಾಪಕರ ಪ್ರಾತಿನಿಧ್ಯ ಕುರಿತು.

ಮಾನ್ಯರೇ,

1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾದದ್ದು 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಈ ಅವಧಿಯಲ್ಲಿ ನಮ್ಮ ತರಗತಿಗಳ ಚಿತ್ರವೇ ಬದಲಾಗಿದೆ. ಜಗಳೂರು, ಹೊನ್ನಾಳಿ, ಮಲೇಬೆನ್ನೂರು ಕಡೆಯ ಹಳ್ಳಿಗಳಿಂದ ಬಸ್ ಹಿಡಿದು ಬರುವ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಕಂಡ ಹೆಣ್ಣುಮಕ್ಕಳು ಬೆಂಚು ತುಂಬಿದ್ದಾರೆ. ಪಾಠ ಹೇಳುವವರಲ್ಲೂ ಮಹಿಳೆಯರು, ದಲಿತರು, ಮುಸ್ಲಿಮರು, ಸಣ್ಣಪುಟ್ಟ ಹಿಂದುಳಿದ ಸಮುದಾಯಗಳವರು ಸೇರಿದ್ದಾರೆ. ಸಂಘದ ವೇದಿಕೆ ಮಾತ್ರ ಹಳೆಯದೇ.

ಸಂಘದ ಯಾವುದಾದರೂ ಸಮಾರಂಭದ ಆಮಂತ್ರಣ ಪತ್ರಿಕೆ ತೆರೆದು ನೋಡಿ. ಪ್ರಾರ್ಥನೆ, ಸ್ವಾಗತ, ನಿರೂಪಣೆ, ವಂದನಾರ್ಪಣೆಗಳ ಮುಂದೆ ಅಧ್ಯಾಪಕಿಯರ ಹೆಸರಿರುತ್ತದೆ. ಅಧ್ಯಕ್ಷತೆ, ಪ್ರಾಸ್ತಾವಿಕ ನುಡಿ, ಬೇಡಿಕೆಗಳ ಮಂಡನೆಯ ಮುಂದೆ ಇರುವುದಿಲ್ಲ. ಅತಿಥಿ ಉಪನ್ಯಾಸಕರ ಹೆಸರಂತೂ ಪತ್ರಿಕೆಯ ಯಾವ ಸಾಲಿನಲ್ಲೂ ಸಿಗದು.

ಸಂಘಟನೆ ಎಂದರೇನೆಂದು ದಾವಣಗೆರೆಗೆ ಹೊಸದಾಗಿ ಹೇಳಬೇಕಿಲ್ಲ. ಹತ್ತಿಗಿರಣಿಗಳ ಈ ಊರು ಕಾರ್ಮಿಕ ನಾಯಕ ಪಂಪಾಪತಿಯವರನ್ನು 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಆರಿಸಿ ಕಳಿಸಿದೆ. ಅಧ್ಯಾಪಕರಾದ ನಮಗೆ ಗಿರಣಿ ಕಾರ್ಮಿಕರಿಗಿದ್ದ ಕಾನೂನಿನ ಆಸರೆಯೂ ಇಲ್ಲ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆದ್ದರಿಂದ ಸರ್ಕಾರದ ಮುಂದೆ, ಆಡಳಿತ ಮಂಡಳಿಗಳ ಮುಂದೆ ನಮಗಿರುವ ಬಲವೆಂದರೆ ನಮ್ಮ ಸಂಖ್ಯೆ ಮತ್ತು ಒಗ್ಗಟ್ಟು. ಅರ್ಧ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿ ಒಗ್ಗಟ್ಟಿನ ಮಾತಾಡಲು ಬರುವುದಿಲ್ಲ. ಹೀಗಾಗಿ ಈ ಕೆಳಗಿನ ಹಕ್ಕೊತ್ತಾಯಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ.

1. ಪಾಠ ಹೇಳುವ ಪ್ರತಿಯೊಬ್ಬರಿಗೂ ಸದಸ್ಯತ್ವ ಮತ್ತು ಮತದಾನದ ಹಕ್ಕು ಕೊಡಬೇಕು.

ಖಾಯಂ ಅಧ್ಯಾಪಕರು ಮಾತ್ರ ಸದಸ್ಯರು ಎಂಬ ನಿಯಮ ಯಾವ ಬೈಲಾದಲ್ಲಿದ್ದರೂ ಅದನ್ನು ತೆಗೆಯಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸುತ್ತಿರುವವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಅತಿಥಿ ಉಪನ್ಯಾಸಕರು. ಬೆಳಿಗ್ಗೆ ಹರಿಹರದಲ್ಲಿ ಎರಡು ಪೀರಿಯಡ್ ಮುಗಿಸಿ, ಮಧ್ಯಾಹ್ನದ ಪಾಠಕ್ಕೆ ದಾವಣಗೆರೆಯ ಇನ್ನೊಂದು ಕಾಲೇಜಿಗೆ ಓಡುವ ಉಪನ್ಯಾಸಕಿಗೆ ಸ್ಟಾಫ್ ರೂಮಿನಲ್ಲಿ ತನ್ನದೆನ್ನುವ ಕುರ್ಚಿ ಇರುವುದಿಲ್ಲ. ಯಾರಾದರೂ ಕ್ಲಾಸಿಗೆ ಎದ್ದು ಹೋದಾಗ ಅಲ್ಲಿ ಕೂತು ಬ್ಲೂಬುಕ್ ತಿದ್ದುತ್ತಾರೆ, ಅವರು ವಾಪಸ್ ಬಂದರೆ ಎದ್ದು ಕಿಟಕಿಯ ಬಳಿ ನಿಲ್ಲುತ್ತಾರೆ. ಇಂಟರ್ನಲ್ ಅಂಕ, ಪರೀಕ್ಷಾ ಮೇಲ್ವಿಚಾರಣೆ, ನ್ಯಾಕ್ ತಂಡ ಬಂದಾಗಿನ ಕಡತ ಕೆಲಸ ಯಾವುದರಿಂದಲೂ ಅವರಿಗೆ ವಿನಾಯಿತಿ ಇಲ್ಲ. ಸಂಘದ ಮತಪತ್ರ ಮಾತ್ರ ಅವರಿಗಿಲ್ಲ.

2022ರ ಜನವರಿಯಲ್ಲಿ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿದಾಗ ಸರ್ಕಾರ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿತು. ಅದರಿಂದ ಒಬ್ಬರಿಗೆ ಸಿಕ್ಕ ಪಾಠ ಇನ್ನೊಬ್ಬರ ಕೈತಪ್ಪಿತು. 2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಹಿಷ್ಕರಿಸಿದರು, ಹೊಸ ವರ್ಷದಂದು ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಆ ಹೋರಾಟದಲ್ಲಿ ಖಾಯಂ ಅಧ್ಯಾಪಕರ ಸಂಘಟನೆಗಳು ಪೂರ್ಣವಾಗಿ ಜೊತೆಗೆ ನಿಂತಿದ್ದರೆ ಫಲ ಬೇರೆಯೇ ಆಗುತ್ತಿತ್ತು ಎಂದು ನಾವು ನಂಬಿದ್ದೇವೆ. ಅತಿಥಿ ಉಪನ್ಯಾಸಕರಿಗೆ ಪ್ರತ್ಯೇಕ ಸಂಘಟನೆ ಇದೆಯಲ್ಲ ಎಂಬ ಉತ್ತರವನ್ನು ನಾವು ಒಪ್ಪುವುದಿಲ್ಲ. ಒಂದೇ ಕಾಲೇಜಿನಲ್ಲಿ ಒಂದೇ ಪಠ್ಯ ಹೇಳುವವರನ್ನು ಎರಡು ಸಂಘ ಮಾಡಿಟ್ಟರೆ ಲಾಭ ಆಡಳಿತಕ್ಕೆ, ಅಧ್ಯಾಪಕರಿಗಲ್ಲ.

ದೆಹಲಿ ವಿಶ್ವವಿದ್ಯಾಲಯದ ಶಿಕ್ಷಕರ ಸಂಘದ ಚುನಾವಣೆಯಲ್ಲಿ ಅಡ್‌ಹಾಕ್ ಶಿಕ್ಷಕರೂ ಮತ ಹಾಕುತ್ತಾ ಬಂದಿದ್ದಾರೆ. ಅವರ ಮತ ಬೇಕಾದ್ದರಿಂದಲೇ ಅಲ್ಲಿ ಪ್ರತಿಯೊಂದು ಬಣವೂ ಅವರ ಖಾಯಮಾತಿಯ ಬಗ್ಗೆ ಮಾತಾಡಲೇಬೇಕಾಯಿತು. ಇಲ್ಲೂ ಹಾಗೆಯೇ ಆಗಲಿ. ಅನುದಾನರಹಿತ ಕಾಲೇಜುಗಳ ಅಧ್ಯಾಪಕರು, ಅರೆಕಾಲಿಕರು, ಗ್ರಂಥಪಾಲಕರು, ದೈಹಿಕ ಶಿಕ್ಷಣ ನಿರ್ದೇಶಕರು ಎಲ್ಲರೂ ಮತದಾರರ ಪಟ್ಟಿಯಲ್ಲಿರಬೇಕು. ಸದಸ್ಯತ್ವ ಶುಲ್ಕ ಆದಾಯಕ್ಕೆ ತಕ್ಕಂತಿರಬೇಕು. ಚುನಾವಣೆಗೆ ಕನಿಷ್ಠ 30 ದಿನ ಮೊದಲು ಪಟ್ಟಿಯನ್ನು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಬೇಕು.

2. ಗುಪ್ತ ಮತದಾನದ ಮೂಲಕವೇ ಪದಾಧಿಕಾರಿಗಳ ಆಯ್ಕೆ ನಡೆಯಬೇಕು.

"ಅವಿರೋಧ ಆಯ್ಕೆ" ಎಂದು ಪತ್ರಿಕೆಯಲ್ಲಿ ಫೋಟೋ ಸಮೇತ ಬರುವ ಸುದ್ದಿಯ ಹಿಂದೆ ಏನು ನಡೆದಿರುತ್ತದೆಂದು ನಮಗೆಲ್ಲ ಗೊತ್ತು. ನಾಲ್ಕೈದು ಹಿರಿಯರು ಹಿಂದಿನ ರಾತ್ರಿ ಕೂತು ಪಟ್ಟಿ ಮಾಡಿರುತ್ತಾರೆ. ಮರುದಿನ ಸಭೆಯಲ್ಲಿ ಒಬ್ಬರು ಸೂಚಿಸುತ್ತಾರೆ, ಒಬ್ಬರು ಅನುಮೋದಿಸುತ್ತಾರೆ, ಚಪ್ಪಾಳೆಯ ನಡುವೆ ಹಾರ ಬೀಳುತ್ತದೆ. ನಾಮಪತ್ರ ಎಲ್ಲಿ ಸಿಗುತ್ತದೆ, ಕೊನೆಯ ದಿನ ಯಾವುದು ಎಂದು ಕೇಳಿದ ಕಿರಿಯರಿಗೆ "ಮುಂದಿನ ಸಲ ನೋಡೋಣ ಬಿಡಿ ಮೇಡಂ" ಎಂಬ ಉತ್ತರ. ಆ ಪಟ್ಟಿಯಲ್ಲಿ ಯಾವ ಸಮುದಾಯಕ್ಕೆ ಅಧ್ಯಕ್ಷ, ಯಾವುದಕ್ಕೆ ಕಾರ್ಯದರ್ಶಿ ಎಂಬ ಹಂಚಿಕೆ ಮೊದಲೇ ಆಗಿರುತ್ತದೆ. ಪ್ರಾತಿನಿಧ್ಯ ಕೇಳಿದರೆ ಸಂಘಕ್ಕೆ ಜಾತಿ ತರುತ್ತಿದ್ದೀರಿ ಎನ್ನುವವರು ಈ ಹಂಚಿಕೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಲೆಕ್ಕ ಈಗಲೂ ನಡೆಯುತ್ತಿದೆ, ಬಲಿಷ್ಠರ ಮನೆಯ ಒಳಕೋಣೆಯಲ್ಲಿ. ಅದು ಬೈಲಾದಲ್ಲಿ, ಎಲ್ಲರ ಕಣ್ಣೆದುರು ನಡೆಯಲಿ ಎಂಬುದಷ್ಟೇ ನಮ್ಮ ಒತ್ತಾಯ.

ಸಂಘದ ಸದಸ್ಯರಲ್ಲದ, ನಿವೃತ್ತ ನ್ಯಾಯಾಂಗ ಅಧಿಕಾರಿಯಂಥವರೊಬ್ಬರು ಚುನಾವಣಾಧಿಕಾರಿಯಾಗಬೇಕು. ನಾಮಪತ್ರ, ಹಿಂತೆಗೆತ, ಮತದಾನ, ಎಣಿಕೆಯ ದಿನಾಂಕಗಳು ಲಿಖಿತವಾಗಿ ಪ್ರಕಟವಾಗಬೇಕು. ಒಬ್ಬರೇ ಅಭ್ಯರ್ಥಿ ಉಳಿದ ಸ್ಥಾನಕ್ಕೂ ಸದಸ್ಯರ ಒಪ್ಪಿಗೆಯನ್ನು ಮತಪತ್ರದಲ್ಲೇ ಕೇಳಬೇಕು.

3. ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಖಜಾಂಚಿ ಈ ಮೂರರಲ್ಲಿ ಒಂದು ಸ್ಥಾನ ಪ್ರತಿ ಅವಧಿಯಲ್ಲೂ ಸರದಿಯಂತೆ ಮಹಿಳೆಗೆ ಮೀಸಲಿರಬೇಕು.

"ಮಹಿಳಾ ಪ್ರತಿನಿಧಿ" ಅಥವಾ "ಸಾಂಸ್ಕೃತಿಕ ಕಾರ್ಯದರ್ಶಿ" ಎಂಬ ಒಂಟಿ ಸ್ಥಾನ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನು ಸಾಕು. ಕರ್ನಾಟಕದ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳಲ್ಲಿ 1987ರಷ್ಟು ಹಿಂದೆಯೇ ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಾಗಿತ್ತು. ಇಂದು ಪಂಚಾಯಿತಿಗಳಲ್ಲಿ ಅದು ಶೇ 50. 2025ರಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಸ್ಥಾನವನ್ನು ಮಹಿಳೆಗೆ ಮೀಸಲಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು, ಅದೇ ವರ್ಷ ರಾಜ್ಯದ ಜಿಲ್ಲಾ ವಕೀಲರ ಸಂಘಗಳಲ್ಲೂ ಮಹಿಳೆಯರಿಗೆ ಶೇ 30 ಪ್ರಾತಿನಿಧ್ಯ ಇರಬೇಕೆಂದಿತು. ವಕೀಲರು ನ್ಯಾಯಾಲಯದ ಆದೇಶಕ್ಕೆ ಕಾದರು. ಸಂವಿಧಾನದ ಸಮಾನತೆಯ ಪಾಠವನ್ನು ಪ್ರತಿ ಸೆಮಿಸ್ಟರ್ ಹೇಳುವ ನಾವು ಯಾರ ಆದೇಶಕ್ಕೂ ಕಾಯಬಾರದು.

ಹೆಣ್ಣುಮಕ್ಕಳು ನಿಂತರೆ ಮತ ಬೀಳುವುದಿಲ್ಲ ಎಂಬ ಮಾತನ್ನು ಈ ಊರಿನಲ್ಲಿ ಇನ್ನು ಯಾರೂ ಆಡುವಂತಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ದಾವಣಗೆರೆ ಕ್ಷೇತ್ರದ ಎರಡೂ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಮಹಿಳೆಯರೇ ಆಗಿದ್ದರು. ಅವರ ಹಿಂದೆ ಕುಟುಂಬಗಳ ಬಲವಿತ್ತು ಎಂಬುದು ನಿಜ. ಆ ಬಲವಿಲ್ಲದ ಅಧ್ಯಾಪಕಿಯರಿಗಾಗಿಯೇ ಮೀಸಲು ಬೇಕು.

4. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಮತ್ತು ಧಾರ್ಮಿಕ ಅಲ್ಪಸಂಖ್ಯಾತ ಅಧ್ಯಾಪಕರಿಗೆ ಕಾರ್ಯಕಾರಿ ಸಮಿತಿಯಲ್ಲಿ ನಿಗದಿತ ಸ್ಥಾನಗಳಿರಬೇಕು.

ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಮಹಿಳೆಯರಿಗೆ ಕಾಯ್ದೆಯ ಪ್ರಕಾರವೇ ಸ್ಥಾನ ಮೀಸಲಿದೆ. ಪತ್ತಿನ ಸಹಕಾರ ಸಂಘದ ಚುನಾವಣೆಯಲ್ಲಿ ಮೀಸಲು ಸ್ಥಾನಗಳಿಗೆ ಮತ ಹಾಕುವ ಅದೇ ಅಧ್ಯಾಪಕರು ತಮ್ಮ ಸಂಘದಲ್ಲಿ ಅದು ಸಾಧ್ಯವಿಲ್ಲ ಎನ್ನುವುದು ಹೇಗೆ? ವಿಶ್ವವಿದ್ಯಾಲಯದ ಸಿಂಡಿಕೇಟಿಗೆ ಸರ್ಕಾರ ನಾಮಕರಣ ಮಾಡುವವರಲ್ಲೂ ಈ ವರ್ಗಗಳವರು ಇರಬೇಕೆಂದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಹೇಳುತ್ತದೆ.

ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ನಾಡಿಗೇ ಒಂದು ಚಳವಳಿಯನ್ನು ಕೊಟ್ಟವರು ಕಾಲೇಜು ಅಧ್ಯಾಪಕರು, ನಮ್ಮ ವೃತ್ತಿಯವರು. ಹರಿಹರದ ಬಳಿಯ ಮೈತ್ರಿವನಕ್ಕೆ ಹೋಗಿ ಅವರ ಸಮಾಧಿಗೆ ಹೂವಿಡುವ ನಾವು, ಅವರ ಊರಿನ ಅಧ್ಯಾಪಕ ಸಂಘದಲ್ಲಿ ದಲಿತ ಅಧ್ಯಾಪಕರು ಅಧ್ಯಕ್ಷರಾಗಲು ಇನ್ನೊಬ್ಬರ ಕೃಪೆಗೆ ಕಾಯುವ ಸ್ಥಿತಿಯನ್ನು ಸಹಿಸಬಾರದು. ಆದ್ದರಿಂದ ಈ ಮೀಸಲು ಸದಸ್ಯ ಸ್ಥಾನಗಳಿಗೆ ಮಾತ್ರ ನಿಲ್ಲದೆ ಪದಾಧಿಕಾರಿ ಹುದ್ದೆಗಳಿಗೂ ಸರದಿಯಲ್ಲಿ ಅನ್ವಯವಾಗಬೇಕು.

5. ಹರಿಹರಕ್ಕೆ ಮತ್ತು ಇತರ ತಾಲ್ಲೂಕುಗಳಿಗೆ ಸಮಪಾಲು ಸಿಗಬೇಕು.

ಹರಿಹರ ದಾವಣಗೆರೆಗೆ ಹತ್ತಿರವೇ, ನಿಜ. ಆದರೆ ಸಂಜೆ ಐದೂವರೆಗೆ ಕರೆದ ಸರ್ವಸದಸ್ಯರ ಸಭೆ ಏಳಕ್ಕೆ ಶುರುವಾಗಿ, ಮುಖ್ಯ ನಿರ್ಣಯ ಎಂಟೂವರೆಗೆ ಬಂದರೆ, ಮಲೇಬೆನ್ನೂರಿನ ಬಸ್ ಹಿಡಿಯಬೇಕಾದವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ. ಮನೆಯಲ್ಲಿ ಮಗುವನ್ನು ಬಿಟ್ಟು ಬಂದವರೂ ಹೋಗಿರುತ್ತಾರೆ. ಉಳಿದವರು ಕೈಯೆತ್ತಿದ್ದೇ ಸರ್ವಾನುಮತವಾಗುತ್ತದೆ. ಸಭೆಗಳು ಹಗಲಲ್ಲೇ ನಡೆಯಲಿ, ವರ್ಷದಲ್ಲಿ ಒಂದಾದರೂ ಸರ್ವಸದಸ್ಯರ ಸಭೆ ಹರಿಹರದಲ್ಲಿ ನಡೆಯಲಿ. ಹರಿಹರದಲ್ಲಿ ಪ್ರತ್ಯೇಕ ಮತಗಟ್ಟೆ ಇರಲಿ. ಮತಗಟ್ಟೆ ಎಲ್ಲಿದ್ದರೂ ನೆಲಮಹಡಿಯಲ್ಲಿರಬೇಕು, ಅಂಗವಿಕಲ ಅಧ್ಯಾಪಕರನ್ನು ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವ ಸ್ಥಿತಿ ಬರಬಾರದು.

6. ಒಬ್ಬರು ಒಂದೇ ಪದಾಧಿಕಾರಿ ಸ್ಥಾನದಲ್ಲಿ ಸತತ ಎರಡು ಅವಧಿಗಿಂತ ಹೆಚ್ಚು ಕಾಲ ಮುಂದುವರಿಯಬಾರದು. ನಿವೃತ್ತರು ಸಲಹೆಗಾರರಾಗಿರಲಿ, ಮತ ಪಡೆಯುವ ಸ್ಥಾನಗಳಲ್ಲಿ ಬೇಡ.

7. ಸಂಘದ ಜಮಾಖರ್ಚು ಪ್ರತಿ ವರ್ಷ ಲೆಕ್ಕ ಪರಿಶೋಧನೆಯಾಗಿ ಎಲ್ಲ ಸದಸ್ಯರ ಕೈಗೆ ತಲುಪಬೇಕು.

8. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ದೂರುಗಳಲ್ಲಿ ಸಂಘ ದೂರುದಾರರ ಬೆನ್ನಿಗೆ ನಿಲ್ಲಬೇಕು.

ಆರೋಪಿ ಸಂಘದ ಸದಸ್ಯನೆಂಬ ಕಾರಣಕ್ಕೆ ರಾಜಿ ಪಂಚಾಯ್ತಿ ಮಾಡುವುದು ನಿಲ್ಲಬೇಕು. 2013ರ ಕಾಯ್ದೆಯಡಿ ಕಾಲೇಜುಗಳಲ್ಲಿ ಇರಬೇಕಾದ ಆಂತರಿಕ ಸಮಿತಿಗಳು ನಿಜಕ್ಕೂ ಇವೆಯೇ, ಸಭೆ ಸೇರುತ್ತಿವೆಯೇ ಎಂದು ಹೊಸ ಕಾರ್ಯಕಾರಿ ಸಮಿತಿ ಮೊದಲ ಮೂರು ತಿಂಗಳಲ್ಲಿ ಪರಿಶೀಲಿಸಿ ವರದಿ ಕೊಡಬೇಕು.

9. ಗೆದ್ದವರ ಮೊದಲ ಕೆಲಸ ಅತಿಥಿ ಉಪನ್ಯಾಸಕರದ್ದಾಗಬೇಕು.

ಗೌರವಧನ ತಿಂಗಳು ತಿಂಗಳಿಗೆ ಬ್ಯಾಂಕ್ ಖಾತೆಗೆ ಬೀಳಬೇಕು. ವರ್ಷ ಪೂರ್ತಿ ವೇತನ, ವೇತನ ಸಹಿತ ಹೆರಿಗೆ ರಜೆ, ಸೇವಾ ಭದ್ರತೆ ಇವು ಸರ್ಕಾರದ ಮುಂದಿಡುವ ಬೇಡಿಕೆ ಪಟ್ಟಿಯಲ್ಲಿ ಮೇಲಿನ ಸಾಲಿಗೆ ಬರಬೇಕು. ಸರ್ಕಾರದೊಂದಿಗೆ ಮಾತುಕತೆಗೆ ಹೋಗುವ ನಿಯೋಗದಲ್ಲಿ ಅತಿಥಿ ಉಪನ್ಯಾಸಕರೂ ಅಧ್ಯಾಪಕಿಯರೂ ಇರಲೇಬೇಕು. ಹೆರಿಗೆಯಾದ ಕೆಲವೇ ವಾರಕ್ಕೆ ಕೆಲಸ ಹೋದೀತೆಂದು ಹೆದರಿ ಕ್ಲಾಸಿಗೆ ಬಂದು ನಿಂತವಳ ಮಾತನ್ನು ಅವಳೇ ಹೇಳಲಿ.

10. ಈ ಎಲ್ಲ ಬದಲಾವಣೆಗಳಿಗಾಗಿ ಮುಂದಿನ ಚುನಾವಣೆ ಘೋಷಣೆಯಾಗುವ ಮೊದಲೇ ವಿಶೇಷ ಸರ್ವಸದಸ್ಯರ ಸಭೆ ಕರೆಯಬೇಕು. ಬೈಲಾ ತಿದ್ದುಪಡಿ ಮಾಡಿ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಳೆಯ ಬೈಲಾದಲ್ಲೇ ಚುನಾವಣೆ ಮುಗಿಸಿ ತಿದ್ದುಪಡಿಯನ್ನು ಹೊಸ ಸಮಿತಿಗೆ ದಾಟಿಸುವುದನ್ನು ನಾವು ಒಪ್ಪುವುದಿಲ್ಲ.

ಅಭ್ಯರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನದೊಳಗೆ ಈ ಪತ್ರದ ಯಾವ ಯಾವ ಅಂಶಗಳನ್ನು ಒಪ್ಪುತ್ತೀರಿ, ಯಾವುದನ್ನು ಒಪ್ಪುವುದಿಲ್ಲ, ಏಕೆ ಒಪ್ಪುವುದಿಲ್ಲ ಎಂದು ಬರೆದು ಸಹಿ ಹಾಕಿ ಕೊಡಿ. ನಿಮ್ಮ ಉತ್ತರಗಳನ್ನು ದಾವಣಗೆರೆ, ಹರಿಹರದ ಪ್ರತಿ ಸ್ಟಾಫ್ ರೂಮಿಗೂ ಮುಟ್ಟಿಸುತ್ತೇವೆ. ನಮ್ಮ ಮತ ಆ ಸಹಿಯನ್ನು ನೋಡಿ ಬೀಳುತ್ತದೆ.

ಇಂತಿ,
ದಾವಣಗೆರೆ ಮತ್ತು ಹರಿಹರದ ಅಧ್ಯಾಪಕಿಯರು, ಅಧ್ಯಾಪಕರು, ಅತಿಥಿ ಉಪನ್ಯಾಸಕರು